‘ಪರ್ಸೆಂಟ್ ಇಳಿಸೋದು ಹೆಂಗ್ರಿ ಮೇಡಂ?’

ಪ್ರಬಂಧ ಸಲ್ಲಿಸುವ ತಿಂಗಳು ಹತ್ತಿರ ಬಂತೆಂದರೆ ಇದೇ ತೊಂದರೆ ಹೊತ್ತು ಆಪ್ತಸಲಹೆಗಾರ್ತಿಯಾದ ನನ್ನಲ್ಲಿಗೆ ಒಬ್ಬರಲ್ಲ ಒಬ್ಬರು ಬರುತ್ತಾರೆ. ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಗೈಡ್ ಫೋನ್ ಬಂದರೆ ಎದೆ ಹೊಡೆದುಕೊಳ್ಳುತ್ತದೆ. ಈಕೆ ರಾಯಚೂರು ಕಡೆಯ ಸಂಶೋಧನಾ ವಿದ್ಯಾರ್ಥಿನಿ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ವಿಷಯ, ತುಂಗಭದ್ರಾ ಅಚ್ಚುಕಟ್ಟಿನ ಸವಳು ಮಣ್ಣು. ಪ್ರಬಂಧ ಬೇರೆಯವರ ಬರಹವನ್ನು ಎಷ್ಟು ಹೋಲುತ್ತದೆಂದು ಸಾಫ್ಟ್‌ವೇರ್ ಕೊಡುವ ಸಿಮಿಲ್ಯಾರಿಟಿ ರಿಪೋರ್ಟ್‌ನಲ್ಲಿ 38 ಪರ್ಸೆಂಟ್ ಬಂದಿತ್ತು. ಗಾಬರಿಯಲ್ಲಿ ಟೈಪಿಂಗ್ ಮಾಡುವವರೊಬ್ಬರಿಗೆ ದುಡ್ಡು ಕೊಟ್ಟು ‘ಇಳಿಸಿ’ಕೊಂಡಿದ್ದಳು. ಅವರು ಶಬ್ದ ಬದಲಿಸುವ ಸಾಫ್ಟ್‌ವೇರ್‌ಗೆ ಹಾಕಿದ್ದರಿಂದ ‘ಸಾಯಿಲ್ ಸಲೈನಿಟಿ’ (ಮಣ್ಣಿನ ಸವಳು) ಇದ್ದಲ್ಲೆಲ್ಲ ‘ಡರ್ಟ್ ಸಾಲ್ಟಿನೆಸ್’ ಬಂದು ಕೂತಿತ್ತು.

ಮೊದಲು ನಿಯಮ ತಿಳಿಸಿದೆ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮಾವಳಿಯಂತೆ ಹೋಲಿಕೆ 10 ಪರ್ಸೆಂಟ್ ಒಳಗಿದ್ದರೆ ದಂಡವಿಲ್ಲ. 10ರಿಂದ 40ರವರೆಗೆ ಇದ್ದರೆ, 6 ತಿಂಗಳೊಳಗೆ ತಿದ್ದಿ ಕೊಡಬಹುದು. 40 ದಾಟಿದರೆ ಒಂದು ವರ್ಷ ತಡೆ, 60 ದಾಟಿದರೆ ನೋಂದಣಿಯೇ ರದ್ದು. ತಿದ್ದಲು ದಾರಿಯಿದೆ ಎಂದು ತಿಳಿದ ಮೇಲೆಯೇ ಆಕೆ ಮಾತಾಡಿದ್ದು.

ಬೇರೆಯವರ ಲೇಖನದ ಸಾಲುಗಳನ್ನು ಹಾಗೆ ಹಾಗೇ ಯಾಕೆ ಎತ್ತಿಕೊಂಡಿರಿ ಎಂದೆ.

‘ಅವರಕಿಂತ ಛಲೋ ಇಂಗ್ಲಿಷ್ ನನಗೆಲ್ಲಿ ಬರ್ತದ್ರಿ ಮೇಡಂ? ನಾ ಬದಲಿ ಮಾಡಿದ್ರ ಕೆಡ್ತದ.’

ಕಳ್ಳತನದ ಬುದ್ಧಿ ಇರಲಿಲ್ಲ, ಇದ್ದದ್ದು ಅಂಜಿಕೆ. ಲೇಖನ ಮುಚ್ಚಿಡಿಸಿ, ಇದರಾಗ ಏನದ, ಮನ್ಯಾಗ ಹೇಳಿದಂಗ ಹೇಳ್ರಿ ಎಂದೆ.

‘ಕಾಲುವೆ ನೀರು ಬಂದಮ್ಯಾಲ ಎಲ್ಲಾರೂ ಭತ್ತ ಹಚ್ಚಿದ್ರು. ಬಸಿಗಾಲುವೆ ಇಲ್ಲ. ಅಂತರ್ಜಲ ಮ್ಯಾಲ ಬಂತು. ಬಿಸಿಲಿಗೆ ನೀರು ಆರಿ ಹೋಗ್ತದ, ಉಪ್ಪು ಮ್ಯಾಲೇ ಕುಂದರ್ತದ.’

ಇದನ್ನೇ ಇಂಗ್ಲಿಷಿನಲ್ಲಿ ಬರೆಯಿರಿ ಎಂದೆ. ನಾಲ್ಕು ಸಣ್ಣ ವಾಕ್ಯ ಬಂದವು. ಮೂಲ ಲೇಖನದ ಒಂದೂ ಪದಗುಚ್ಛ ಅದರಲ್ಲಿರಲಿಲ್ಲ, ಅರ್ಥವೂ ತಪ್ಪಿರಲಿಲ್ಲ. ಆ ಪುಟವನ್ನು ಆಕೆ ಬಹಳ ಹೊತ್ತು ನೋಡಿದಳು.

ಆಪ್ತಸಲಹೆಗಾರರಿಗೆ ಬರವಣಿಗೆಯ ಉಸಾಬರಿ ಯಾಕೆ ಎಂದು ಕೇಳುವವರಿದ್ದಾರೆ. ನಿದ್ದೆ ಕೆಡಿಸಿದ್ದೇ ಬರವಣಿಗೆಯಾದಾಗ ಬರೀ ಉಸಿರಾಟದ ವ್ಯಾಯಾಮ ಹೇಳಿ ಕಳಿಸುವುದು ನನಗೆ ಸರಿ ಕಾಣುವುದಿಲ್ಲ.

ಕೊಟ್ಟ ಸಲಹೆ ಇಷ್ಟು. ಓದಿ, ಮುಚ್ಚಿ, ಕನ್ನಡದಲ್ಲಿ ಹೇಳಿ, ಆಮೇಲೆ ಬರೆಯಿರಿ. ಬರೆದ ಮೇಲೆ ಲೇಖನ ತೆರೆದು ಅಂಕಿ, ಮಾನ, ಸ್ಥಳ ತಾಳೆ ನೋಡಿ. ಲೇಖಕರ ಹೆಸರು, ವರ್ಷವನ್ನು ಆ ವಾಕ್ಯದ ಪಕ್ಕದಲ್ಲೇ ಆಗಲೇ ಹಾಕಿ. ಪ್ಯಾರಾದ ಕೊನೆಗೆ ಒಟ್ಟಿಗೆ ಹಾಕಿದರೆ ಯಾವ ಮಾತು ಯಾರದೆಂದು ಓದುವವರಿಗೆ ತಿಳಿಯದು. ಅವರ ಮಾತೇ ಬೇಕಾದರೆ ಉದ್ಧರಣ ಚಿಹ್ನೆ, ಪುಟಸಂಖ್ಯೆ ಎರಡೂ ಇರಲಿ. ನಿಯಮದಲ್ಲಿ ಹೋಲಿಕೆಯ ಲೆಕ್ಕದಿಂದ ಬಿಟ್ಟಿರುವುದು ಸಾಮಾನ್ಯ ತಿಳಿವಳಿಕೆಯ ಅಥವಾ ಆಕಸ್ಮಿಕವಾಗಿ ಹೊಂದುವ 14 ಪದಗಳವರೆಗಿನ ಸಾಲನ್ನು. 13 ಪದ ಎತ್ತಿಕೊಳ್ಳಲು ಅದು ಪರವಾನಗಿಯಲ್ಲ. ಇದನ್ನು ತಪ್ಪು ತಿಳಿದವರು ಬಹಳ.

ಓದದ್ದನ್ನು ಓದಿದಂತೆ ತೋರಿಸುವುದು ಇನ್ನೂ ದೊಡ್ಡ ತಪ್ಪು, ಅದನ್ನು ಯಾವ ಸಾಫ್ಟ್‌ವೇರೂ ಹಿಡಿಯುವುದಿಲ್ಲ. ಮಣ್ಣಿನ ಸ್ಯಾಚುರೇಷನ್ ಎಕ್ಸ್‌ಟ್ರಾಕ್ಟ್‌ನ (ನೀರು ತುಂಬಿಸಿದ ಮಣ್ಣಿನಿಂದ ಸೋಸಿ ತೆಗೆದ ದ್ರಾವಣ) ವಿದ್ಯುತ್ ವಾಹಕತೆ ಪ್ರತಿ ಮೀಟರಿಗೆ 4 ಡೆಸಿಸೀಮೆನ್ಸ್ ದಾಟಿದರೆ ಸವಳು ಎಂಬ ಮಿತಿಗೆ ಆಕೆ ಇತ್ತೀಚಿನ ಯಾವುದೋ ಲೇಖನದ ಹೆಸರು ಹಾಕಿದ್ದಳು. ಆ ಮಿತಿ ಅಮೆರಿಕದ ಸಲೈನಿಟಿ ಲ್ಯಾಬೊರೇಟರಿಯ 1954ರ ಹ್ಯಾಂಡ್‌ಬುಕ್ 60ರಲ್ಲೇ ಇದೆ. ಅದನ್ನು ತೆರೆದು ನೋಡಿ ಅದರ ಹೆಸರನ್ನೇ ಹಾಕಬೇಕು. ಮೂಲ ಸಿಗದಿದ್ದರೆ ಮಾತ್ರ ‘ಇಂಥವರ ಲೇಖನದಲ್ಲಿ ಉಲ್ಲೇಖಿತ’ ಎಂದು ಬರೆಯಬಹುದು.

ವಿಧಾನದ ಅಧ್ಯಾಯದಲ್ಲಿ ಹೋಲಿಕೆ ಸ್ವಲ್ಪ ಉಳಿಯುತ್ತದೆ, ಅದಕ್ಕೆ ಅಂಜಬೇಡಿ ಎಂದೆ. ಮಣ್ಣಿನ ಸಾವಯವ ಇಂಗಾಲ ಅಳೆಯಲು 1 ನಾರ್ಮಲ್ ಡೈಕ್ರೋಮೇಟ್ 10 ಮಿಲಿ, ಸಾಂದ್ರ ಗಂಧಕಾಮ್ಲ 20 ಮಿಲಿ ಹಾಕಿ ಅರ್ಧ ಗಂಟೆ ಬಿಡುವುದನ್ನು ಬೇರೆ ಹೇಗೆ ಬರೆಯುವುದು? ಆ ವಿಧಾನ ಕೊಟ್ಟವರ ಹೆಸರು, ವರ್ಷವನ್ನು ‘ವಾಕ್ಲಿ ಮತ್ತು ಬ್ಲ್ಯಾಕ್, 1934’ ಎಂದು ಹಾಕಿ, ನಿಮ್ಮ ಲ್ಯಾಬಿನಲ್ಲಿ ಏನಾದರೂ ಬದಲಿಸಿದ್ದರೆ ಅದನ್ನು ತಪ್ಪದೆ ಬರೆಯಿರಿ. ‘ಡೈಕ್ರೋಮೇಟ್’ ಎಂಬ ಶಬ್ದವನ್ನು ಮಾತ್ರ ಯಾರ ಕೈಗೂ ಕೊಟ್ಟು ಬದಲಿಸಬೇಡಿ.