ಜುಲೈನಲ್ಲಿ ಹೊಸಬರು ಕುದುರೆಮುಖ ಚಾರಣಕ್ಕೆ ಹೋಗಬಹುದೇ?

ಬೆಂಗಳೂರಿನಿಂದ ನಾಲ್ವರು ಗೆಳೆಯರು ಬರ್ತೀವಿ, ಯಾರಿಗೂ ಚಾರಣದ ಅನುಭವ ಇಲ್ಲ, ಜುಲೈನಲ್ಲೇ ಕುದುರೆಮುಖ ಹತ್ತಬೇಕು, ಎಂಥ ಶೂ ಬೇಕು ಅಂತ ಕೇಳಿದ್ದೀರಿ. ಶೂ ಆಮೇಲೆ. ಮೊದಲು ಹಳ್ಳದ ವಿಷಯ ಹೇಳ್ತೀನಿ.

ನಾನು ಕುದುರೆಮುಖಕ್ಕೆ ಹತ್ತಿರದ ಕಳಸದ ಕಡೆಯವನು. ಶಿಖರ ಸುಮಾರು 1,890 ಮೀಟರ್ ಎತ್ತರ, ಚಾರಣ ಶುರುವಾಗುವ ಮುಳ್ಳೋಡಿ ಹಳ್ಳಿಯಿಂದ ಹೋಗಿ ಬರೋಕೆ ಹೆಚ್ಚುಕಡಿಮೆ 20 ಕಿ.ಮೀ. ಅದಕ್ಕೆ ಹೆದರಬೇಡಿ. ದಿನಾ ಸ್ವಲ್ಪ ನಡೆಯುವ ಅಭ್ಯಾಸ ಇದ್ದವರು ಬೆಳಿಗ್ಗೆ ಬೇಗ ಹೊರಟರೆ ಆರಾಮಾಗಿ ಹತ್ತಿ ಇಳೀತಾರೆ. ಮಳೆಗಾಲದಲ್ಲಿ ಕಷ್ಟ ಇರೋದು ದಾರಿಗೆ ಅಡ್ಡ ಬರುವ ಹಳ್ಳಗಳಲ್ಲಿ. ಜೂನ್ ಮಳೆಗೇ ಹುಲ್ಲುಗುಡ್ಡ, ಗುಡ್ಡಗಳ ನಡುವಿನ ದಟ್ಟ ಶೋಲಾ ಕಾಡಿನ ನೆಲವೆಲ್ಲ ನೀರು ಕುಡಿದು ತುಂಬಿರುತ್ತೆ. ಆಮೇಲೆ ಬಿದ್ದ ಮಳೆ ಇಂಗೋದಿಲ್ಲ, ನೇರ ಹಳ್ಳಕ್ಕೆ ಇಳಿಯುತ್ತೆ. ಬೆಳಿಗ್ಗೆ ಪಾದ ನೆನೆಯುವಷ್ಟಿದ್ದ ನೀರು, ನೀವು ಮೇಲಿರುವಾಗ ಜೋರು ಮಳೆ ಹೊಡೆದರೆ, ಇಳಿಯುವ ಹೊತ್ತಿಗೆ ತೊಡೆಮಟ್ಟ ಆಗಿರಬಹುದು.

ದಾಟುವ ಮೊದಲು ದಡದಲ್ಲಿ ನಿಂತು ನೋಡಿ. ನೀರು ಕೆಂಪಗೆ ತಿರುಗಿದೆಯಾ? ತರಗೆಲೆ, ಒಣಕಡ್ಡಿ ಗುಂಪುಗುಂಪಾಗಿ ತೇಲಿ ಬರ್ತಿವೆಯಾ? ಹಾಗಿದ್ದರೆ ಮೇಲೆ ಮಳೆ ಜೋರಿದೆ, ನೀರು ಇನ್ನೂ ಏರುತ್ತೆ ಅಂತ ಅರ್ಥ. ನೀರಿನಂಚಿಗೆ ಒಂದು ಕೋಲು ನೆಟ್ಟು ಕಾಯಿರಿ. ಕೋಲಿನ ಬುಡ ಮುಳುಗುತ್ತಾ ಹೋದರೆ ಇಳಿಯಲೇಬೇಡಿ. ಮಳೆ ನಿಂತ ಮೇಲೆ ಸಣ್ಣ ಹಳ್ಳ ಬೇಗ ಇಳಿಯುತ್ತೆ, ಕತ್ತಲಾಯ್ತು ಅಂತ ಅವಸರಪಟ್ಟವರನ್ನೇ ಅದು ಎಳೆದುಕೊಂಡು ಹೋಗೋದು. ಅದಕ್ಕೇ ಬೇಗ ಹೊರಡಿ ಅನ್ನೋದು. ಇಲ್ಲಿ ರಾಷ್ಟ್ರೀಯ ಉದ್ಯಾನ ಇರೋದರಿಂದ ಮೇಲೆ ರಾತ್ರಿ ಉಳಿಯೋಕೂ ಬಿಡೋದಿಲ್ಲ.

ಅನುಮತಿಯನ್ನು ಅರಣ್ಯ ಇಲಾಖೆಯ ಜಾಲತಾಣದಲ್ಲಿ ಮುಂಚೆಯೇ ಮಾಡಿಸಿ. ದಿನಕ್ಕೆ ಇಂತಿಷ್ಟೇ ಜನ ಅಂತ ಮಿತಿ ಇದೆ. ಮಳೆ ಅತಿಯಾದರೆ ಚಾರಣವನ್ನೇ ನಿಲ್ಲಿಸ್ತಾರೆ, ಆಗ ಒಳದಾರಿ ತೋರಿಸ್ತೀನಿ ಅನ್ನೋರ ಹಿಂದೆ ಖಂಡಿತ ಹೋಗಬೇಡಿ. ಭದ್ರಾ ನದಿ ಉಕ್ಕಿ ಕಳಸ-ಹೊರನಾಡು ದಾರಿಯ ಹೆಬ್ಬಾಳೆ ಸೇತುವೆ ಮುಳುಗಿತು ಅಂತ ಸುದ್ದಿ ಬಂದರೆ ಆ ವಾರದ ಯೋಚನೆ ಬಿಟ್ಟುಬಿಡಿ.

ಶೂ ದುಬಾರಿಯದೇ ಬೇಕಿಲ್ಲ, ತಳ ಆಳವಾಗಿ ಕೊರೆದಿದ್ದು, ನೀರು ಹೊರಗೆ ಹೋಗುವಂಥದ್ದು ಸಾಕು. ಇಂಬಳ, ಅಂದರೆ ಜಿಗಣೆ, ಹತ್ತೇ ಹತ್ತುತ್ತೆ. ನಮ್ಮಲ್ಲಿ ಹೊಗೆಸೊಪ್ಪು ನೆನೆಸಿದ ನೀರನ್ನೋ ಸುಣ್ಣವನ್ನೋ ಕಾಲಿಗೆ ಹಚ್ಚಿಕೊಳ್ತಾರೆ. ಕಚ್ಚಿದ ಮೇಲೆ ಕಿತ್ತೆಳೆಯಬೇಡಿ, ಉಗುರಿನಿಂದ ಬಾಯಿಯ ಹತ್ತಿರ ಮೆಲ್ಲಗೆ ಜಾರಿಸಿ ಬಿಡಿಸಿ. ರಕ್ತ ಹೆಪ್ಪುಗಟ್ಟದಂತೆ ಮಾಡುವ ರಸ ಅದರ ಎಂಜಲಿನಲ್ಲಿ ಇರೋದರಿಂದ ಸ್ವಲ್ಪ ಹೊತ್ತು ಸೋರುತ್ತೆ, ಗಾಬರಿ ಬೇಡ.

ನನ್ನ ಮಾತು ಕೇಳೋದಾದರೆ ಅಕ್ಟೋಬರ್ ಕೊನೆಗೆ ಬನ್ನಿ. ಹುಲ್ಲು ಇನ್ನೂ ಹಸಿರಾಗೇ ಇರುತ್ತೆ, ಹಳ್ಳ ಇಳಿದಿರುತ್ತೆ, ಮೋಡ ಇಲ್ಲದ ದಿನ ಶಿಖರದಿಂದ ಕರಾವಳಿಯ ಕಡೆಗೆ ದೂರದವರೆಗೆ ಕಾಣುತ್ತೆ. ಜುಲೈನಲ್ಲೇ ರಜೆ ಸಿಗೋದು ಅಂತಾದರೆ ಮುಳ್ಳಯ್ಯನಗಿರಿಗೆ ಹೋಗಿ. 1,930 ಮೀಟರ್, ರಾಜ್ಯದಲ್ಲೇ ಎತ್ತರದ ಶಿಖರ. ತುದಿಯ ಹತ್ತಿರದವರೆಗೂ ರಸ್ತೆ ಇದೆ, ಅಲ್ಲಿಂದ ಮೆಟ್ಟಿಲು. ಗಾಳಿ ಮಾತ್ರ ಕೊಡೆ ಹಿಡಿಯೋಕೆ ಬಿಡೋದಿಲ್ಲ, ರೇನ್‌ಕೋಟ್ ತನ್ನಿ.