ಇನ್‌ಸ್ಟ್ರುಮೆಂಟ್ ಟೆಕ್ನಿಷಿಯನ್‌ಗೆ ಮೈಸೂರು, ಮಂಡ್ಯದ ಕಡೆ ಎಷ್ಟು ಸಂಬಳ ಸಿಗುತ್ತದೆ?

ನೀವು ಮದ್ದೂರಿನ ಕಡೆಯವರು, ಐಟಿಐಯಲ್ಲಿ ಇನ್‌ಸ್ಟ್ರುಮೆಂಟ್ ಮೆಕ್ಯಾನಿಕ್ ಮುಗಿಸಿ ಒಂದು ವರ್ಷ ಅಪ್ರೆಂಟಿಸ್ ಆಗಿದ್ದೀರಿ, ಈಗ ಮೈಸೂರಿನ ಗುತ್ತಿಗೆದಾರರೊಬ್ಬರು ತಿಂಗಳಿಗೆ 21,000 ರೂಪಾಯಿ ಸಿಟಿಸಿ (ಒಬ್ಬ ನೌಕರರಿಗಾಗಿ ಮಾಲೀಕರು ಮಾಡುವ ಒಟ್ಟು ವೆಚ್ಚ) ಕೊಡುವುದಾಗಿ ಹೇಳಿದ್ದಾರೆ ಎಂದು ಬರೆದಿದ್ದೀರಿ. ಇದು ನ್ಯಾಯವಾದ ಸಂಬಳವೇ, ಮುಂದೆ ಎಲ್ಲಿಯವರೆಗೆ ಏರಬಹುದು, ಒಂದೇ ಕೆಲಸಕ್ಕೆ ಒಬ್ಬರಿಗೆ ಹೆಚ್ಚು ಮತ್ತೊಬ್ಬರಿಗೆ ಕಡಿಮೆ ಏಕೆ ಎಂಬುದು ನಿಮ್ಮ ಪ್ರಶ್ನೆ. ನಾನು ಡಿಪ್ಲೊಮಾ ಮುಗಿಸಿ, ಕಾರ್ಖಾನೆಯ ಉಷ್ಣತೆ, ಒತ್ತಡ, ನೀರಿನ ಮಟ್ಟ ಮುಂತಾದವನ್ನು ಅಳೆಯುವ ಉಪಕರಣಗಳನ್ನು ನೋಡಿಕೊಳ್ಳುವ ಈ ಕೆಲಸಕ್ಕೆ ಸೇರಿ 17 ವರ್ಷಗಳಾದವು; ಮೊದಲು ಮಂಡ್ಯ ಜಿಲ್ಲೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿದ್ದೆ, ಆಮೇಲೆ ಮೈಸೂರಿನ ಸುತ್ತಮುತ್ತ ಗುತ್ತಿಗೆಯಲ್ಲಿ ದುಡಿದೆ, ಈಗ ಒಂದು ಕಂಪನಿಯ ರೋಲ್‌ನಲ್ಲಿ, ಅಂದರೆ ಅದರ ಸ್ವಂತ ಕಾಯಂ ನೌಕರರ ಪಟ್ಟಿಯಲ್ಲಿದ್ದೇನೆ. ಆದ್ದರಿಂದ ನಾನು ಹೇಳುವುದು ಈ ಎರಡು ಜಿಲ್ಲೆಗಳಲ್ಲಿ ಕಂಡದ್ದನ್ನು ಮಾತ್ರ.

ಮೊದಲು ಆ 21,000ದ ಲೆಕ್ಕವನ್ನು ಬಿಡಿಸೋಣ, ಏಕೆಂದರೆ ಅದು ನಿಮ್ಮ ಕೈಗೆ ಬರುವ ಹಣವಲ್ಲ. ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿ 15,000 ಎಂದು ಇಟ್ಟುಕೊಂಡರೆ, ಮಾಲೀಕರ ಪಾಲಿನ ಪಿಎಫ್ ಶೇ. 12ರಂತೆ 1,800, ಶೇ. 8.33ರ ಕನಿಷ್ಠ ಬೋನಸ್ ಸುಮಾರು 1,250, ಇಎಸ್‌ಐಗೆ ಮಾಲೀಕರು ಕಟ್ಟುವ ಶೇ. 3.25ರ ಪಾಲು ಸುಮಾರು 565 ರೂಪಾಯಿ. ಇವೆಲ್ಲ ಸಿಟಿಸಿಯ ಒಳಗೇ ಅಡಗಿರುತ್ತವೆ. ಉಳಿದ 17,385ರಲ್ಲಿ ನಿಮ್ಮ ಪಾಲಿನ ಪಿಎಫ್ ಮತ್ತೆ 1,800 ಹಾಗೂ ಇಎಸ್‌ಐ ಶೇ. 0.75ರಂತೆ 130 ರೂಪಾಯಿ ಮುರಿದರೆ, ಬ್ಯಾಂಕಿನ ಖಾತೆಗೆ ಬೀಳುವುದು 15,450ರ ಆಸುಪಾಸು. ಪಿಎಫ್ ನಿಮ್ಮದೇ ಹಣ, ಅದನ್ನು ನಷ್ಟವೆಂದು ಎಣಿಸಬಾರದು; ಆದರೆ ಮದ್ದೂರಿನಿಂದ ಬಂದು ಹೆಬ್ಬಾಳಿನಲ್ಲೋ ಹೂಟಗಳ್ಳಿಯಲ್ಲೋ ರೂಮು ಮಾಡುವವರು ಬಾಡಿಗೆಯನ್ನು ಕಟ್ಟಬೇಕಾಗಿರುವುದು ಈ 15,450ರಿಂದಲೇ ಹೊರತು 21,000ದಿಂದ ಅಲ್ಲ. ಬೋನಸ್ಸನ್ನು ತಿಂಗಳುತಿಂಗಳು ಕೊಡುತ್ತಾರೋ ವರ್ಷಕ್ಕೊಮ್ಮೆಯೋ ಎಂಬುದನ್ನೂ ಕೇಳಿ. ಗುತ್ತಿಗೆದಾರರು ಬದಲಾದ ವರ್ಷ ಹಳಬರು ಕೊಡದೆ ಹೋದದ್ದನ್ನು ನಾನೇ ಅನುಭವಿಸಿದ್ದೇನೆ.

ಈ ಭಾಗದಲ್ಲಿ ನನ್ನ ಜೊತೆಗಿದ್ದವರ ಪೇಸ್ಲಿಪ್ಪುಗಳನ್ನು ನೋಡಿ ಹೇಳುವುದಾದರೆ, ಗುತ್ತಿಗೆಯಲ್ಲಿ ಹೊಸದಾಗಿ ಸೇರುವ ಐಟಿಐಯವರಿಗೆ ಕೈಗೆ 14ರಿಂದ 17 ಸಾವಿರ, ಡಿಪ್ಲೊಮಾದವರಿಗೆ ಅದಕ್ಕಿಂತ ಎರಡು ಮೂರು ಸಾವಿರ ಹೆಚ್ಚು. ಐದಾರು ವರ್ಷ ಪಳಗಿದವರು ಗುತ್ತಿಗೆಯಲ್ಲೇ ಉಳಿದರೆ 22ರಿಂದ 28 ಸಾವಿರದಲ್ಲಿ ಸುತ್ತುತ್ತಿರುತ್ತಾರೆ. ಅಷ್ಟೇ ಅನುಭವದವರು ಕಂಪನಿಯ ರೋಲ್‌ನಲ್ಲಿದ್ದರೆ 32ರಿಂದ 42 ಸಾವಿರ ಪಡೆಯುತ್ತಾರೆ. ಹದಿನೈದು ವರ್ಷ ದಾಟಿದ ರೋಲ್‌ನವರು 55–70 ಸಾವಿರದಲ್ಲಿದ್ದಾರೆ. ನನ್ನ ಒಟ್ಟು ವೇತನ ಈಗ 62,000. 2008ರಲ್ಲಿ ಸಕ್ಕರೆ ಕಾರ್ಖಾನೆಗೆ ಸೇರಿದಾಗ 4,500 ಇತ್ತು.

ಈ ಅಂಕಿಗಳಲ್ಲಿ ಎಲ್ಲಕ್ಕಿಂತ ದೊಡ್ಡ ಜಿಗಿತ ಐಟಿಐ ಮತ್ತು ಡಿಪ್ಲೊಮಾಗಳ ನಡುವೆ ಇಲ್ಲ, ಗುತ್ತಿಗೆ ಮತ್ತು ರೋಲ್‌ಗಳ ನಡುವೆ ಇದೆ ಎಂಬುದನ್ನು ನೀವೇ ಗಮನಿಸಿರಬಹುದು. ಒಂದೇ ಟ್ರಾನ್ಸ್‌ಮಿಟರ್‌ನ (ಅಳತೆಯನ್ನು ಕಂಟ್ರೋಲ್ ರೂಮಿಗೆ ಕಳಿಸುವ ಉಪಕರಣ) ಮುಂದೆ ಇಬ್ಬರು ನಿಂತಿರುತ್ತಾರೆ, ಒಬ್ಬರು ಮ್ಯಾನಿಫೋಲ್ಡ್‌ನ ವಾಲ್ವ್ ತಿರುಗಿಸುತ್ತಾರೆ, ಇನ್ನೊಬ್ಬರು ರೀಡಿಂಗ್ ಬರೆದುಕೊಳ್ಳುತ್ತಾರೆ. ಸಂಬಳ ಮಾತ್ರ ಒಂದಕ್ಕೆ ಒಂದೂವರೆ. ಇದು ಸರಿಯೆಂದು ನಾನು ಹೇಳುವುದಿಲ್ಲ, ಆದರೆ ಹೀಗಿದೆ. ಹಾಗಾಗಿ ನಮ್ಮ ಕೆಲಸದಲ್ಲಿ ಕೇಳಬೇಕಾದ ನಿಜವಾದ ಪ್ರಶ್ನೆ ಸಂಬಳ ಎಷ್ಟು ಎಂಬುದಕ್ಕಿಂತ, ರೋಲ್‌ಗೆ ಹೋಗುವ ದಾರಿ ಯಾವುದು ಎಂಬುದು. ನನಗೆ ಆ ದಾರಿ ಹೇಗೆ ಸಿಕ್ಕಿತು ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಉಳಿದ ಮಾತೆಲ್ಲ ಅದರಲ್ಲೇ ಇದೆ.

ಗುತ್ತಿಗೆಯಲ್ಲಿದ್ದಾಗ ನನ್ನನ್ನು ಔಷಧದ ಕಚ್ಚಾವಸ್ತು ತಯಾರಿಸುವ ಒಂದು ಕಾರ್ಖಾನೆಗೆ ಹಾಕಿದ್ದರು. ಒಂದು ರಾತ್ರಿ ಶಿಫ್ಟಿನಲ್ಲಿ ಡ್ರೈಯರ್‌ನ ಉಷ್ಣತೆ ಪರದೆಯ ಮೇಲೆ 62.5 ಡಿಗ್ರಿ ತೋರಿಸುತ್ತಿತ್ತು; ಆ ಬ್ಯಾಚಿಗೆ 60 ದಾಟಬಾರದೆಂಬ ಮಿತಿ. ಕಂಟ್ರೋಲ್ ವಾಲ್ವ್ ಸರಿಯಾಗಿ ಮುಚ್ಚುತ್ತಿಲ್ಲ, ಹಬೆ ಒಳಗೆ ಸೋರುತ್ತಿದೆ ಎಂದು ಆಪರೇಟರ್ ವಾದಿಸಿದರು, ವಾಲ್ವ್ ಬಿಚ್ಚಲು ಫಿಟ್ಟರ್‌ಗಳನ್ನೂ ಕರೆದಾಗಿತ್ತು. ಅಲ್ಲಿದ್ದದ್ದು ಪಿಟಿ-100 ಎಂಬ ಪ್ಲಾಟಿನಂ ಸೆನ್ಸರ್. ಸೊನ್ನೆ ಡಿಗ್ರಿಯಲ್ಲಿ ಅದರ ರೋಧ 100 ಓಮ್, ನೂರು ಡಿಗ್ರಿಯಲ್ಲಿ 138.5, ಅಂದರೆ ಒಂದೊಂದು ಡಿಗ್ರಿಗೂ ಓಮ್‌ನ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು. ಎಲ್ಲೋ ಒಂದು ಸ್ಕ್ರೂ ಸಡಿಲಾಗಿ ಒಂದು ಓಮ್ ಹೆಚ್ಚಿಗೆ ಸೇರಿಕೊಂಡರೂ ಪರದೆಯ ಮೇಲೆ ಎರಡೂವರೆ ಡಿಗ್ರಿ ಏರುತ್ತದೆ. ಏರಿದ್ದೂ ಅಷ್ಟೇ ಆಗಿದ್ದರಿಂದ ನನಗೆ ಅನುಮಾನ ಬಂದು ಸೆನ್ಸರ್‌ನ ತಲೆಯ ಮುಚ್ಚಳ ತೆಗೆದೆ. ಸೆನ್ಸರ್‌ನ ಸ್ವಂತ ತುದಿಗಳಲ್ಲಿ ಅಳೆದಾಗ 123.2 ಓಮ್ ಬಂತು, ಅಂದರೆ ನಿಜವಾದ ಉಷ್ಣತೆ 60. ಪ್ಯಾನಲ್ಲಿನ ಕಡೆಯಿಂದ, ವೈರಿನ ರೋಧ ಕಳೆದು ನೋಡಿದರೆ 124.2. ಒಂದು ಟರ್ಮಿನಲ್ಲಿನ ಸ್ಕ್ರೂವಿನ ಕೆಳಗೆ ಹಸಿರು ಕಿಲುಬು ಕಟ್ಟಿತ್ತು. ಉಜ್ಜಿ, ಅರ್ಧ ಸುತ್ತು ಬಿಗಿ ಮಾಡಿದರೆ ಮುಗಿಯುವ ಕೆಲಸ.

ನಾನು ಆಗ ಮಾಡಿದ ಒಳ್ಳೆಯ ಕೆಲಸವೆಂದರೆ, ಸ್ಕ್ರೂಡ್ರೈವರ್ ಹಾಕುವ ಮೊದಲೇ ಆಪರೇಟರ್‌ನ್ನು ಕರೆದು ಎರಡೂ ರೀಡಿಂಗುಗಳನ್ನು ಅವರಿಗೆ ತೋರಿಸಿ, ಸಮಯದ ಸಮೇತ ಬರೆದು, ಅವರ ಸಹಿ ಹಾಕಿಸಿಕೊಂಡದ್ದು. ಬಿಗಿ ಮಾಡಿದ ಮೇಲೆ ಮತ್ತೆ ಅಳೆದು ಬರೆದೆ. ಮರುದಿನ ಗುಣಮಟ್ಟ ವಿಭಾಗದವರು ಬ್ಯಾಚನ್ನು ತಡೆಹಿಡಿದಾಗ, ಉಷ್ಣತೆ ನಿಜಕ್ಕೂ ಮಿತಿ ದಾಟಿರಲಿಲ್ಲ ಎಂದು ಹೇಳಲು ಇದ್ದ ಆಧಾರ ಆ ಒಂದು ಹಾಳೆ. ಮೊದಲೇ ಬಿಗಿ ಮಾಡಿಬಿಟ್ಟಿದ್ದರೆ ದೋಷವೂ ಮಾಯವಾಗುತ್ತಿತ್ತು, ಸಾಕ್ಷಿಯೂ ಮಾಯವಾಗುತ್ತಿತ್ತು, ಬ್ಯಾಚು ಕಸಕ್ಕೆ ಹೋಗುತ್ತಿತ್ತು. ಏಳು ತಿಂಗಳ ನಂತರ ರೋಲ್‌ಗೆ ಇಬ್ಬರನ್ನು ತೆಗೆದುಕೊಳ್ಳುವಾಗ ನಿರ್ವಹಣಾ ವಿಭಾಗದ ಮುಖ್ಯಸ್ಥರು ಆ ಹಾಳೆಯನ್ನು ನೆನಪಿಸಿಕೊಂಡರು. 16,000 ಇದ್ದ ಸಂಬಳ 26,500 ಆಯಿತು. ನನಗಿಂತ ಚುರುಕಾಗಿ ವಾಲ್ವ್ ಪೊಸಿಷನರ್ (ವಾಲ್ವ್ ಎಷ್ಟು ತೆರೆಯಬೇಕೋ ಅಷ್ಟೇ ತೆರೆಯಿಸುವ ಸಾಧನ) ಸೆಟ್ ಮಾಡುತ್ತಿದ್ದ ಗೆಳೆಯ ಒಬ್ಬ ಇನ್ನೂ ಗುತ್ತಿಗೆಯಲ್ಲೇ ಇದ್ದಾನೆ. ಅವನಿಗೆ ಬರೆಯುವುದೆಂದರೆ ಆಗದು.

ಇದರ ಹಿಂದೆ ಒಂದು ಕಾರಣವಿದೆ. ಎಲೆಕ್ಟ್ರಿಷಿಯನ್‌ಗೆ ಸರ್ಕಾರ ಕೊಡುವ ವೈರ್‌ಮನ್ ಪರ್ಮಿಟ್ ಇದೆ, ಮುಂದೆ ಸೂಪರ್‌ವೈಸರ್ ಪರ್ಮಿಟ್ ಇದೆ, ಅವರ ಸಹಿಗೆ ಕಾನೂನಿನ ಬೆಲೆ ಇದೆ. ಬಾಯ್ಲರ್ ನಡೆಸುವವರಿಗೂ ಪ್ರಮಾಣಪತ್ರವಿದೆ. ಇನ್‌ಸ್ಟ್ರುಮೆಂಟ್‌ನವರಿಗೆ ಅಂಥದ್ದೇನೂ ಇಲ್ಲ, ನಮ್ಮ ಕೆಲಸಕ್ಕೆ ಸಾಕ್ಷಿ ನಾವು ಬರೆದಿಟ್ಟ ಹಾಳೆಗಳೇ. ಎಲೆಕ್ಟ್ರಿಷಿಯನ್‌ಗಿಂತ ನಮಗೆ ಹೆಚ್ಚು ಸಿಗಬೇಕಲ್ಲವೇ ಎಂದು ನೀವೂ ಕೇಳಿದ್ದೀರಿ. ಆರಂಭದಲ್ಲಿ ಸಿಗುವುದಿಲ್ಲ, ಎಷ್ಟೋ ಕಡೆ ಕಡಿಮೆಯೇ ಸಿಗುತ್ತದೆ. ನಮ್ಮ ಬೆಲೆ ಏರುವುದು ನಾವು ನೋಡಿಕೊಳ್ಳುವ ಮೀಟರು ತಪ್ಪು ಹೇಳಿದರೆ ಎಷ್ಟು ನಷ್ಟವಾಗುತ್ತದೆ ಎಂಬ ಲೆಕ್ಕದ ಮೇಲೆ.

ಅದಕ್ಕೇ ಕಾರ್ಖಾನೆಯಿಂದ ಕಾರ್ಖಾನೆಗೆ ಇಷ್ಟು ವ್ಯತ್ಯಾಸ. ಔಷಧ, ಬಣ್ಣ, ಆಹಾರ, ಟೈರು, ಕಾಗದ ಮುಂತಾದವುಗಳಲ್ಲಿ ಪ್ರಕ್ರಿಯೆ ಹಗಲಿರುಳು ಹರಿಯುತ್ತಿರುತ್ತದೆ. ನಂಜನಗೂಡು, ಕಡಕೊಳದ ಪಟ್ಟಿಯಲ್ಲೂ ಮೈಸೂರಿನ ಹೆಬ್ಬಾಳು, ಮೇಟಗಳ್ಳಿ, ಬೆಳಗೊಳದ ಕಡೆಯೂ ಇಂಥವು ಇವೆ, ಅಲ್ಲಿ ನಮ್ಮವರಿಗೆ ಬೇಡಿಕೆ ಹೆಚ್ಚು. ಬಿಡಿಭಾಗ ಕತ್ತರಿಸಿ ಜೋಡಿಸುವ ಯಂತ್ರಶಾಲೆಗಳಲ್ಲಿ ಇನ್‌ಸ್ಟ್ರುಮೆಂಟ್‌ನವರನ್ನು ಎಲೆಕ್ಟ್ರಿಕಲ್ ವಿಭಾಗದ ಬಾಲವೆಂದೇ ನೋಡುತ್ತಾರೆ, ಸಂಬಳವೂ ಹಾಗೆಯೇ.

ಮಂಡ್ಯದ ಸಕ್ಕರೆ ಕಾರ್ಖಾನೆಗಳದು ಬೇರೆಯೇ ಕಥೆ. 1933ರಲ್ಲಿ ಶುರುವಾದ ಮೈಷುಗರ್‌ನಿಂದ ಹಿಡಿದು ಕೊಪ್ಪ, ಕೆ.ಎಂ.ದೊಡ್ಡಿಯವರೆಗೆ ಈ ಜಿಲ್ಲೆಯಲ್ಲಿ ಕಬ್ಬು ಅರೆಯುವ ಕಾರ್ಖಾನೆಗಳು ಹಲವು. ಹಂಗಾಮಿನ ನೌಕರರಾದರೆ ಅರೆಯುವ ತಿಂಗಳುಗಳಲ್ಲಿ ಪೂರ್ಣ ವೇತನ, ಉಳಿದ ತಿಂಗಳುಗಳಲ್ಲಿ ರಿಟೈನಿಂಗ್ ಭತ್ಯೆ ಎಂಬ ಒಂದು ಪಾಲು ಮಾತ್ರ. ಆದರೆ ವಿದ್ಯುತ್ತನ್ನೂ ಉತ್ಪಾದಿಸುವ ಕೋ-ಜೆನ್ ಘಟಕವಿದ್ದರೆ ಕಲಿಯಲು ಅದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಬಾಯ್ಲರ್ ಡ್ರಮ್ಮಿನ ನೀರಿನ ಮಟ್ಟ, ಒಳಬರುವ ನೀರು, ಹೊರಹೋಗುವ ಹಬೆ ಈ ಮೂರನ್ನೂ ಒಟ್ಟಿಗೆ ಹಿಡಿದು ನಡೆಸುವ ಕಂಟ್ರೋಲ್ ಒಂದನ್ನು ಸರಿಯಾಗಿ ಅರ್ಥ ಮಾಡಿಕೊಂಡವರಿಗೆ ಮುಂದಿನ ಯಾವ ಸಂದರ್ಶನವೂ ಕಷ್ಟವಾಗುವುದಿಲ್ಲ. ಹಬೆಯ ಬೇಡಿಕೆ ಒಮ್ಮೆಲೇ ಹೆಚ್ಚಿದಾಗ ಡ್ರಮ್ಮಿನ ಮಟ್ಟ ಇಳಿಯುವ ಬದಲು ಮೊದಲು ಏರಿದಂತೆ ಕಾಣುವುದೇಕೆ ಎಂದು ನನ್ನನ್ನು ಮೂರು ಕಡೆ ಕೇಳಿದ್ದಾರೆ. ಒತ್ತಡ ಕುಸಿದು ನೀರಿನೊಳಗಿನ ಗುಳ್ಳೆಗಳು ಹಿಗ್ಗುತ್ತವೆ ಎಂಬ ಉತ್ತರವನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ, ಮಿಲ್ಲು ನಿಂತು ಹೊರಟ ರಾತ್ರಿಗಳಲ್ಲಿ ಪರದೆಯ ಮುಂದೆ ಕೂತು ಕಲಿತದ್ದು.

ಕೈಗೆ ಬರುವ ಹಣವನ್ನು ಅಲುಗಾಡಿಸುವ ಮತ್ತೊಂದು ಸಂಗತಿ ಓವರ್‌ಟೈಮ್. ಹೆಚ್ಚುವರಿ ಗಂಟೆಗೆ ಎರಡು ಪಟ್ಟು ಕೊಡಬೇಕೆಂಬುದು 1948ರ ಕಾರ್ಖಾನೆ ಕಾಯ್ದೆಯಲ್ಲೇ ಇದ್ದ ನಿಯಮ, 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲೂ ಅದು ಉಳಿದಿದೆ. ನಿಮ್ಮ 17,385ನ್ನು 26 ದಿನಕ್ಕೆ, ದಿನಕ್ಕೆ 8 ಗಂಟೆಯಂತೆ ಭಾಗಿಸಿದರೆ ಗಂಟೆಗೆ ಸುಮಾರು 83.60 ರೂಪಾಯಿ, ಎರಡು ಪಟ್ಟಾದರೆ 167. ದುರಸ್ತಿಗಾಗಿ ಕಾರ್ಖಾನೆ ನಿಲ್ಲಿಸುವ ಶಟ್‌ಡೌನ್ ತಿಂಗಳಲ್ಲಿ 30 ಗಂಟೆ ಹೆಚ್ಚು ದುಡಿದರೆ 5,000 ರೂಪಾಯಿ ಬರಬೇಕು. ನಾನಿದ್ದ ಗುತ್ತಿಗೆದಾರರು ಒಂದೇ ಪಟ್ಟು ಕೊಟ್ಟು, ಉಳಿದದ್ದಕ್ಕೆ ರಜೆ ತಗೊಳ್ಳಿ ಎನ್ನುತ್ತಿದ್ದರು. ಆ ರಜೆ ಯಾವತ್ತೂ ಬರಲಿಲ್ಲ.

ಸರ್ಕಾರಿ ಕಡೆಯ ಲೆಕ್ಕ ಸರಳ. ಮೈಸೂರಿನ ಹತ್ತಿರದ ರತ್ನಹಳ್ಳಿಯ ಘಟಕ ಭಾಭಾ ಅಣು ಸಂಶೋಧನಾ ಕೇಂದ್ರದ್ದು. ಆ ಕೇಂದ್ರ 2023ರಲ್ಲಿ ಕರೆದಿದ್ದ ತರಬೇತಿ ಹುದ್ದೆಗಳಲ್ಲಿ ಐಟಿಐ ವರ್ಗದವರಿಗೆ ಮೊದಲ ವರ್ಷ ತಿಂಗಳಿಗೆ 20,000, ಎರಡನೇ ವರ್ಷ 22,000 ಸ್ಟೈಪೆಂಡ್, ಆಮೇಲೆ 21,700 ಮೂಲವೇತನದ ಟೆಕ್ನಿಷಿಯನ್ ಹುದ್ದೆ ಎಂದಿತ್ತು. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಂಥ, ಕೇಂದ್ರದ ವೈಜ್ಞಾನಿಕ ಸಂಶೋಧನಾ ಮಂಡಳಿ ಸಿಎಸ್‌ಐಆರ್‌ಗೆ ಸೇರಿದ ಸಂಸ್ಥೆಗಳಲ್ಲಿ ಟೆಕ್ನಿಷಿಯನ್‌ಗೆ ಆರಂಭದ ಮೂಲವೇತನ 19,900. ಇವುಗಳ ಮೇಲೆ ತುಟ್ಟಿಭತ್ಯೆ, ಮನೆಬಾಡಿಗೆ ಭತ್ಯೆ ಸೇರುವುದರಿಂದ ಖಾಸಗಿ ಗುತ್ತಿಗೆಯ ಸಂಬಳವನ್ನು ಇದರ ಪಕ್ಕದಲ್ಲಿ ಇಡಲಾಗದು. ವಯಸ್ಸಿನ ಮಿತಿ ಕಡಿಮೆ ಇರುವುದರಿಂದ, ಬರೆಯುವುದಾದರೆ ಈಗಲೇ ಬರೆಯಿರಿ. ನಾನು ಆಮೇಲೆ ನೋಡಿಕೊಳ್ಳೋಣ ಎಂದುಕೊಂಡು ತಪ್ಪಿಸಿಕೊಂಡೆ.

ಗಲ್ಫ್ ಬಗ್ಗೆಯೂ ಕೇಳಿದ್ದೀರಿ. ನಮ್ಮಲ್ಲಿಂದ ಸೌದಿಗೆ ಹೋದ ಇಬ್ಬರು ಊಟ, ವಸತಿ ಬಿಟ್ಟು ತಿಂಗಳಿಗೆ 55ರಿಂದ 65 ಸಾವಿರ ರೂಪಾಯಿ ಮನೆಗೆ ಕಳಿಸುತ್ತಾರೆ. ಆದರೆ ಅಲ್ಲಿ ಕೇಳುವುದು ಐದು ವರ್ಷದ ಅನುಭವ, ಅದೂ ಕಾಗದದ ಮೇಲೆ. ನೋಂದಾಯಿತ ಏಜೆಂಟರು 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿಗಿಂತ ಹೆಚ್ಚಿನ ಸೇವಾಶುಲ್ಕ ತೆಗೆದುಕೊಳ್ಳುವಂತಿಲ್ಲ. ಒಂದೂವರೆ ಲಕ್ಷ ಕೇಳುವವರ ಬಳಿಗೆ ಹೋಗಬೇಡಿ.

ಇನ್ನು ನಿಮ್ಮ ಮುಂದಿರುವ ಕೆಲಸ. 21,000 ಸಿಟಿಸಿ ಹೊಸಬರಿಗೆ ಅನ್ಯಾಯವೂ ಅಲ್ಲ, ಉದಾರವೂ ಅಲ್ಲ. ಸೇರುವ ಮೊದಲು ನಿಮ್ಮನ್ನು ಯಾವ ಕಾರ್ಖಾನೆಗೆ ಹಾಕುತ್ತಾರೆ ಎಂದು ಕೇಳಿ. ಅಲ್ಲಿ ಹಿಂದಿನ ಮೂರು ವರ್ಷಗಳಲ್ಲಿ ಗುತ್ತಿಗೆಯಿಂದ ರೋಲ್‌ಗೆ ಎಷ್ಟು ಜನರನ್ನು ತೆಗೆದುಕೊಂಡಿದ್ದಾರೆ ಎಂಬುದನ್ನು ಗುತ್ತಿಗೆದಾರರನ್ನಲ್ಲ, ಗೇಟಿನ ಹೊರಗೆ ಟೀ ಅಂಗಡಿಯಲ್ಲಿ ನಿಂತಿರುವ ಕೆಲಸಗಾರರನ್ನು ಕೇಳಿ. ಕೇಬಲ್ ಎಳೆಯುವುದು, ಗ್ಲ್ಯಾಂಡ್ ಕಟ್ಟುವುದೇ ಕೆಲಸವಾದರೆ ಒಂದು ವರ್ಷಕ್ಕಿಂತ ಹೆಚ್ಚು ನಿಲ್ಲಬೇಡಿ. ಲೂಪ್ ಚೆಕ್ (ಸೆನ್ಸರ್‌ನಿಂದ ಪರದೆಯವರೆಗಿನ ಇಡೀ ಸಂಪರ್ಕದ ಪರೀಕ್ಷೆ), ಕ್ಯಾಲಿಬ್ರೇಷನ್ (ಮೀಟರಿನ ಅಳತೆ ಸರಿಯಿದೆಯೇ ಎಂದು ತಾಳೆ ನೋಡುವುದು), ಡಿಸಿಎಸ್ (ಕಾರ್ಖಾನೆಯನ್ನು ನಿಯಂತ್ರಿಸುವ ಕಂಪ್ಯೂಟರ್ ವ್ಯವಸ್ಥೆ) ಇವುಗಳ ಹತ್ತಿರ ಬಿಡುವುದಾದರೆ ಸಾವಿರ ಎರಡು ಸಾವಿರ ಕಡಿಮೆಯಾದರೂ ಸೇರಿಕೊಳ್ಳಿ. ಅಲ್ಲಿ ಕ್ಯಾಲಿಬ್ರೇಷನ್ ಹಾಳೆಯ ಕೊನೆಯಲ್ಲಿ ಮಾಡಿದವರು, ಪರಿಶೀಲಿಸಿದವರು ಎಂದು ಎರಡು ಗೆರೆಗಳಿರುತ್ತವೆ. ಗುತ್ತಿಗೆಯವರಿಂದ ಕೆಲಸ ಮಾಡಿಸಿ ಎರಡೂ ಗೆರೆಗಳಲ್ಲಿ ರೋಲ್‌ನವರೇ ಸಹಿ ಹಾಕುವ ಕಾರ್ಖಾನೆಗಳಿವೆ. ಸೇರಿದ ಮೊದಲ ವಾರದಲ್ಲೇ, ಮೇಲಿನ ಗೆರೆಯಲ್ಲಿ ನಿಮ್ಮ ಹೆಸರು ಬರೆಯಲು ಬಿಡುತ್ತಾರೆಯೇ ಎಂದು ಸೂಪರ್‌ವೈಸರ್‌ನ್ನು ವಿನಯದಿಂದ ಕೇಳಿ ನೋಡಿ.