ತಾನೇ ಓಡುವ ಕಾರು ನಮ್ಮ ಕೈಗೆಟಕುವವರೆಗೆ ಕಾಯಲಾ, ಸಾಲ ಮಾಡಿ ಈಗಲೇ ಅಡಾಸ್ ಇರುವ ಕಾರು ತಗೊಳ್ಳಲಾ?

ವಯಸ್ಸಾದ ಅಪ್ಪನನ್ನು ಆಸ್ಪತ್ರೆಗೆ ಕರೆದೊಯ್ಯಬೇಕು ಅಂತ ಬರೆದಿದ್ದೀರಿ. ಎರಡು ವರ್ಷದ ಹಿಂದೆ ನನ್ನ ಮನೆಯಲ್ಲೂ ಇದೇ ಮಾತು. ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಅಪ್ಪನನ್ನು ತಿಂಗಳಿಗೆ ಎರಡು ಸಲ ಮಂಗಳೂರಿಗೆ ಕರೆದುಕೊಂಡು ಹೋಗಬೇಕಿತ್ತು. ಅಡಾಸ್ ಅಂದರೆ ಲೇನ್ ಹಿಡಿಯಲು, ಬ್ರೇಕ್ ಹಾಕಲು ಚಾಲಕನಿಗೆ ನೆರವಾಗುವ ವ್ಯವಸ್ಥೆ; ಅದಿದ್ದರೆ ಅರ್ಧ ಕೆಲಸ ಕಾರೇ ಮಾಡುತ್ತದೆ ಅಂದುಕೊಂಡು, ಅಡಿಕೆ ಮಾರಿದ ದುಡ್ಡಿಗೆ ಸಾಲ ಸೇರಿಸಿ ಅಡಾಸ್ ಇರುವ ಟಾಪ್ ವೇರಿಯಂಟ್ ತಗೊಂಡೆ. ಕೆಳಗಿನದಕ್ಕಿಂತ ಎರಡೂವರೆ ಲಕ್ಷ ಜಾಸ್ತಿ. ಬೆಲೆ ಏರಿದ ಹಾಗೆ ಕೇರಳದಲ್ಲಿ ರೋಡ್ ಟ್ಯಾಕ್ಸೂ ಏರುತ್ತದೆ.

ನಾನು ತಪ್ಪಿದ್ದು ಟೆಸ್ಟ್ ಡ್ರೈವಿನಲ್ಲಿ. ಜನವರಿ ತಿಂಗಳು, ಮಧ್ಯಾಹ್ನದ ಬಿಸಿಲು. ಕೆಲಸ ಮುಗಿದಿದ್ದ ಹೆದ್ದಾರಿಯ ಒಂದು ತುಂಡು, ಹೊಸ ಡಾಮರಿನ ಮೇಲೆ ಬೆಳ್ಳನೆಯ ಗೆರೆ. ಸ್ಟಿಯರಿಂಗ್ ನನ್ನ ಬೆರಳ ಕೆಳಗೆ ತಾನೇ ಮೆಲ್ಲಗೆ ತಿರುಗಿತು. ಅಲ್ಲೇ ಬುಕ್ ಮಾಡಿದೆ. ನಮ್ಮ ಮನೆ ದಾರಿಗೆ ಒಮ್ಮೆ ತಂದು ನೋಡಲಿಲ್ಲ. ಮಳೆಯಲ್ಲಿ ನೋಡಲಿಲ್ಲ. ರಾತ್ರಿಯೂ ನೋಡಲಿಲ್ಲ. ಮುಂದಿನ ಗಾಜಿನ ಒಳಬದಿಯ ಕ್ಯಾಮೆರಾಕ್ಕೆ ಗೆರೆ ಕಂಡರೆ ಮಾತ್ರ ಕಾರಿಗೆ ಲೇನ್ ಗೊತ್ತಾಗುವುದು. ನಮ್ಮ ಒಳರಸ್ತೆಯಲ್ಲಿ ಗೆರೆ ಎಲ್ಲಿದೆ? ಅಂಚಿಗೆ ಹುಲ್ಲು, ಕೆಂಪು ಮಣ್ಣು, ತಿರುವು ದಾಟಿದರೆ ಎದುರಿಗೇ ಬಸ್ಸು.

ಜೂನ್ ಬಂತು. ಮಳೆ ಸುರಿದರೆ ಕ್ಯಾಮೆರಾಕ್ಕೆ ಕಾಣುತ್ತಿಲ್ಲ ಅಂತ ಎಚ್ಚರಿಕೆ ಬರತೊಡಗಿತು. ಒಂದು ಸಂಜೆ ಕುಂಬಳೆ ಹತ್ತಿರ, ರಸ್ತೆ ಕೆಲಸಕ್ಕೆ ದಾರಿ ತಿರುಗಿಸಿದ್ದ ಕಡೆ, ಅಳಿಸದೆ ಬಿಟ್ಟ ಹಳೆ ಗೆರೆ ಹಿಡಿದು ಸ್ಟಿಯರಿಂಗ್ ಎಡಕ್ಕೆ ಎಳೆಯಿತು. ನಾನು ಗಟ್ಟಿಯಾಗಿ ಹಿಡಿದಿರಲಿಲ್ಲ. ಎಡಬದಿಯ ಎರಡೂ ಬಾಗಿಲು ಕಾಂಕ್ರೀಟ್ ತಡೆಗೆ ಉಜ್ಜಿದವು. ಅಪ್ಪ ಕೂತಿದ್ದು ಆ ಬದಿಯಲ್ಲೇ. ಅವರಿಗೇನೂ ಆಗಲಿಲ್ಲ, ಆದರೆ ಮನೆ ಮುಟ್ಟುವವರೆಗೆ ಒಂದು ಮಾತೂ ಆಡಲಿಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಅನ್ನುತ್ತೇನೆ. ಈಗ ಇಲ್ಲಿ ಅಡಾಸ್ ಹೆಸರಲ್ಲಿ ಮಾರುವುದು ಹೆಚ್ಚೆಂದರೆ 2ನೇ ಹಂತ, ಅಂದರೆ ಸ್ಟಿಯರಿಂಗ್, ವೇಗ, ಬ್ರೇಕಿಗೆ ನೆರವು ಅಷ್ಟೇ. ಕಣ್ಣು ರಸ್ತೆ ಮೇಲೆ ನಿಮ್ಮದೇ ಇರಬೇಕು, ಹೊಣೆಯೂ ನಿಮ್ಮದೇ. ಅಮೆರಿಕದಲ್ಲಿ ವೇಮೋ ಕಂಪನಿ 2020ರಲ್ಲಿ ಫೀನಿಕ್ಸ್‌ನಲ್ಲಿ ಚಾಲಕನಿಲ್ಲದ ಕಾರನ್ನು ಜನರಿಗೆ ತೆರೆದದ್ದೂ ಟ್ಯಾಕ್ಸಿಯಾಗಿ, ಮೊದಲೇ ನಕ್ಷೆ ಮಾಡಿಟ್ಟ ಜಾಗದಲ್ಲಿ. ಇಲ್ಲಿ ಚಾಲಕರ ಕೆಲಸ ಹೋಗುತ್ತದೆ, ಅಂಥ ಕಾರು ಬಿಡುವುದಿಲ್ಲ ಅಂತ ಕೇಂದ್ರ ರಸ್ತೆ ಸಾರಿಗೆ ಸಚಿವರಾಗಿ ನಿತಿನ್ ಗಡ್ಕರಿಯವರು 2023ರಲ್ಲೂ ಹೇಳಿದ್ದಾರೆ. ಅದಕ್ಕಾಗಿ ಕಾಯಬೇಡಿ. ಸಾಲವನ್ನೂ ಮಾಡಬೇಡಿ.

ಆರು ಏರ್‌ಬ್ಯಾಗ್ ಇರುವ ಆಟೋಮ್ಯಾಟಿಕ್ ಗೇರಿನ ಕಾರು ತಗೊಳ್ಳಿ. ಆಸ್ಪತ್ರೆಯ ದಿನಕ್ಕೆ ಡ್ರೈವರ್ ಕರೆಯಿರಿ. ನಾನೀಗ ಹಾಗೇ ಮಾಡುತ್ತೇನೆ, ಹಿಂದೆ ಅಪ್ಪನ ಪಕ್ಕ ಕೂರುತ್ತೇನೆ. ಇಲ್ಲ, ಅಡಾಸೇ ಬೇಕು ಅಂದರೆ ಜೂನ್‌ವರೆಗೆ ತಡೆದು, ಮಳೆಯಲ್ಲಿ ನಿಮ್ಮ ಮನೆ ಗೇಟಿನಿಂದಲೇ ಟೆಸ್ಟ್ ಡ್ರೈವ್ ಕೇಳಿ.